ಮರಳಿ ಅಂಕಣಕ್ಕೆ

ಸುಗ್ಗಿ ಮುಗಿದು, ರಾಗಿಯ ಕಣಗಳು ಬರಿದಾಗಿ, ತೋಟಗಳ ಕೆಲಸವೂ ಒಂದಿಷ್ಟು ಸಡಿಲಗೊಳ್ಳುವ ದಿನಗಳಲ್ಲಿ ನಮ್ಮ ಅಮೃತೂರು ಹೋಬಳಿಯ ಯಾವುದಾದರೊಂದು ಗ್ರಾಮಕ್ಕೆ ಸಂಜೆಯ ಹೊತ್ತಿನಲ್ಲಿ ಹೋದವರಿಗೆ ಎಲ್ಲಿಂದಲೋ ಹಾರ್ಮೋನಿಯಂ ಸ್ವರವು ಕೇಳಿಬರುವುದು ಅಪರೂಪವಲ್ಲ. ಅದು ನಾಟಕದ ತಾಲೀಮು. ಹಗಲೆಲ್ಲ ಹೊಲದಲ್ಲಿಯೋ ಅಂಗಡಿಯಲ್ಲಿಯೋ ದುಡಿದು ಬಂದವರು ಮಾಸ್ತರರ ಎದುರಿಗೆ ಸಾಲಾಗಿ ಕುಳಿತು, ಕೃಷ್ಣನ ಕಂದವನ್ನೂ ದುರ್ಯೋಧನನ ಸೀಸಪದ್ಯವನ್ನೂ ಗಂಟಲು ಬಿರಿಯುವಂತೆ ಹಾಡಿ ಕಲಿಯುತ್ತಾರೆ; ತಮ್ಮ ತಮ್ಮ ಪಾತ್ರದ ವೆಚ್ಚವನ್ನು ತಾವೇ ಭರಿಸಿ, ಬಾಡಿಗೆಯ ಸೀನರಿಯನ್ನು ತರಿಸಿ, ಜಾತ್ರೆಯ ರಾತ್ರಿ ಬೆಳಗಿನ ಜಾವದವರೆಗೂ ಆಡುತ್ತಾರೆ. ಪೌರಾಣಿಕ ನಾಟಕದ ಮೇಲಣ ಈ ವ್ಯಾಮೋಹವು ತುಮಕೂರು ಸೀಮೆಗೆ ರಕ್ತಗತವಾದುದು. 1884ರಲ್ಲಿ ಗುಬ್ಬಿಯಲ್ಲಿ ಜನ್ಮ ತಳೆದ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ನಿಜವಾದ ಆನೆಕುದುರೆಗಳನ್ನೇ ರಂಗದ ಮೇಲೆ ತಂದು ‘ಕುರುಕ್ಷೇತ್ರ’ವನ್ನು ಆಡಿ ನಾಡನ್ನೇ ಬೆರಗುಗೊಳಿಸಿತಷ್ಟೆ; ಆ ಬೆರಗಿನ ಒಂದು ಪಾಲು ಈ ಹಳ್ಳಿಗಳಲ್ಲಿ ಇಂದಿಗೂ ಉಳಿದುಬಂದಿದೆ.

ಈ ನಾಟಕಗಳಲ್ಲೆಲ್ಲ ನನ್ನ ಹೃದಯವನ್ನು ಬಾಲ್ಯದಿಂದಲೂ ಹಿಡಿದು ಅಲ್ಲಾಡಿಸಿದುದು ಹರಿಶ್ಚಂದ್ರನ ಕಥೆ. ರಾಘವಾಂಕನು ಕನ್ನಡಿಗರ ಮನಸ್ಸಿನಲ್ಲಿ ಅಳಿಯದಂತೆ ಕೆತ್ತಿಹೋದ ಆ ರಾಜನು ರಾಜ್ಯವನ್ನು ಕಳೆದುಕೊಂಡು, ಹೆಂಡತಿ ಮಗನನ್ನು ಮಾರಿ, ತಾನು ವೀರಬಾಹುಕನ ಸೇವಕನಾಗಿ ಸ್ಮಶಾನವನ್ನು ಕಾಯುತ್ತ, ಕಡೆಗೆ ಚಂದ್ರಮತಿಯ ಕೊರಳಿನ ಮೇಲೆಯೇ ಖಡ್ಗವನ್ನೆತ್ತುವ ಘಳಿಗೆಯಲ್ಲಿ ಕಾಶಿಯ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ. ಸತ್ತ ಲೋಹಿತಾಶ್ವನು ಏಳುತ್ತಾನೆ. ಹೋದ ರಾಜ್ಯವು ಮರಳಿ ಬರುತ್ತದೆ. ಚಾಪೆಯ ಮೇಲೆ ಕುಳಿತ ಹೆಂಗಸರಲ್ಲಿ ಈ ಮುಕ್ತಾಯವನ್ನು ಅರಿಯದವರು ಒಬ್ಬರೂ ಇರುತ್ತಿರಲಿಲ್ಲ. ಅರಿತೂ ಅವರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆದುದರಿಂದ, ಮುಂದೇನಾಗುವುದೋ ಎಂಬ ಕುತೂಹಲವೊಂದೇ ನಾಟಕದ ಪ್ರಾಣವೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆನು. ಬಿದ್ದವನು ಏಳುವುದನ್ನು ನೋಡಬೇಕೆಂಬ ಹಂಬಲವು ಕುತೂಹಲಕ್ಕಿಂತಲೂ ಹಳೆಯದು, ಆಳವಾದುದು.

ಇದೇ ಹಂಬಲವು ನಮ್ಮನ್ನು ಆಟದ ಮೈದಾನಕ್ಕೂ ಎಳೆದೊಯ್ಯುವುದೆಂದು ನನ್ನ ಭಾವನೆ. ಗೆಲ್ಲುವವರು ಗೆಲ್ಲುತ್ತಲೇ ಹೋಗುವ ಕ್ರೀಡೆಯನ್ನು ನಾವು ಮೆಚ್ಚುತ್ತೇವೆ, ಗೌರವಿಸುತ್ತೇವೆ; ಆದರೆ ಅದಕ್ಕಾಗಿ ನಿದ್ರೆಗೆಡುವುದಿಲ್ಲ. ಒಮ್ಮೆ ಅಪಕೀರ್ತಿಗೆ ಗುರಿಯಾದವನು, ಆಯ್ಕೆಗಾರರ ಪಟ್ಟಿಯಿಂದಲೂ ಜನರ ನೆನಪಿನಿಂದಲೂ ಜಾರಿಹೋದವನು, ಯಾರೂ ಎಣಿಸದ ಹೊತ್ತಿನಲ್ಲಿ ಮತ್ತೆ ಅಂಕಣಕ್ಕೆ ಬಂದು ನಿಂತಾಗ ಮಾತ್ರ ನಮ್ಮ ಎದೆಬಡಿತವು ಬೇರೆಯಾಗುತ್ತದೆ. ರಂಗದ ಮೇಲಣ ಹರಿಶ್ಚಂದ್ರನಿಗೂ ಈ ಆಟಗಾರನಿಗೂ ಒಂದು ದೊಡ್ಡ ಅಂತರವುಂಟು. ಬೆಳಗಿನ ಜಾವ ಮಂಗಳ ಹಾಡಿದ ತರುವಾಯ ನಮ್ಮೂರಿನ ಹರಿಶ್ಚಂದ್ರನು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣವನ್ನು ಕಳಚಿ, ಎಂದಿನಂತೆ ಹಾಲು ಕರೆಯಲು ಹೋಗುತ್ತಿದ್ದನು. ಸೊನ್ನೆಗೆ ಔಟಾದವನಿಗೆ ಕಳಚಲು ಬಣ್ಣವಿಲ್ಲ. ಯಾವ ಮುಖದಲ್ಲಿ ಸೋತನೋ ಅದೇ ಮುಖವನ್ನು ಹೊತ್ತು ಅವನು ಬೀದಿಗೆ ಇಳಿಯಬೇಕು, ಮನೆಗೆ ಹೋಗಬೇಕು, ನಾಳೆ ಅಭ್ಯಾಸಕ್ಕೆ ಏಳಬೇಕು. ಅವನ ಸ್ಮಶಾನವಾಸಕ್ಕೆ ಇಷ್ಟು ಅಂಕಗಳೆಂದು ಯಾವ ಕವಿಯೂ ಬರೆದಿಟ್ಟಿಲ್ಲ. ವಿಶ್ವನಾಥನು ಬಂದೇ ಬರುವನೆಂಬ ಭರವಸೆಯೂ ಇಲ್ಲ.

ವಿಶ್ವನಾಥನೆಂದಾಗ ನನ್ನ ತಲೆಮಾರಿನ ಕನ್ನಡಿಗರಿಗೆ ಇನ್ನೊಬ್ಬ ವಿಶ್ವನಾಥರು ನೆನಪಾಗುವುದು ಸಹಜವೇ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಮೈಸೂರು ರಾಜ್ಯದ ಪರವಾಗಿ ಆಡಿದ ಪ್ರಥಮ ಪಂದ್ಯದಲ್ಲಿಯೇ ಆಂಧ್ರದ ವಿರುದ್ಧ 230 ರನ್ನುಗಳನ್ನು ಹೊಡೆದವರು. 1969ರ ನವೆಂಬರಿನಲ್ಲಿ, ಇಪ್ಪತ್ತೇ ವರ್ಷದ ಆ ಪುಟ್ಟ ಆಳ್ತನದ ಯುವಕನು ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತನ್ನ ಮೊದಲನೆಯ ಟೆಸ್ಟಿಗೆ ಇಳಿದು ಸೊನ್ನೆಗೆ ಔಟಾದನು. ಅಂಗಡಿಯ ಮುಂದಿನ ರೇಡಿಯೋಗೆ ಕಿವಿ ಕೊಟ್ಟು ನಿಂತಿದ್ದ ಹಿರಿಯರು ಏನೂ ಮಾತಾಡದೆ ಚದುರಿದ್ದುದು ನನಗೆ ಮಸುಕಾಗಿ ನೆನಪಿದೆ. ಎರಡನೆಯ ಇನ್ನಿಂಗ್ಸಿನಲ್ಲಿ ಅದೇ ಯುವಕನು 25 ಬೌಂಡರಿಗಳೊಡನೆ 137 ರನ್ ಗಳಿಸಿದನು. ನಾಯಕರಾದ ಪಟೌಡಿಯವರು ಸೊನ್ನೆಯ ತರುವಾಯ ತಮ್ಮ ಬಳಿಗೆ ಬಂದು, ಚಿಂತೆ ಬೇಡ, ಶತಕ ಬಂದೇ ಬರುತ್ತದೆಂದು ಧೈರ್ಯ ಹೇಳಿದುದನ್ನು ವಿಶ್ವನಾಥರು ಅನೇಕ ಸಲ ಸ್ಮರಿಸಿಕೊಂಡಿದ್ದಾರೆ. ಬಿದ್ದುದಕ್ಕೂ ಎದ್ದುದಕ್ಕೂ ನಡುವೆ ಕೆಲವೇ ದಿನಗಳು! ಇಷ್ಟು ಬೇಗ, ಇಷ್ಟು ಪೂರ್ಣವಾಗಿ ಮರಳಿ ದೊರೆಯುವ ಭಾಗ್ಯವು ವಿರಳರಲ್ಲಿ ವಿರಳರಿಗೆ ಮಾತ್ರ.

ಮುಂದೆ 1974ರಲ್ಲಿ ಅದೇ ವಿಶ್ವನಾಥರು ಬೆಂಗಳೂರಿನಲ್ಲಿ ಮುಂಬಯಿಯ ವಿರುದ್ಧ 162 ರನ್ ಹೊಡೆದು, ಬ್ರಿಜೇಶ ಪಟೇಲರು ಶತಕದಿಂದ ಜೊತೆಗೂಡಿ, ಪ್ರಸನ್ನರು ಗಾವಸ್ಕರರನ್ನು ಬೌಲ್ಡ್ ಮಾಡಿ, ಹದಿನೈದು ವರ್ಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಆಳಿದ್ದ ಆ ತಂಡವನ್ನು ಕರ್ನಾಟಕವು ಹಿಂದಿಕ್ಕಿದುದೂ ಒಂದು ವಿಮೋಚನೆಯೇ. 1959–60ರ ಅಂತಿಮ ಪಂದ್ಯದಲ್ಲಿ ಮೈಸೂರು ಇದೇ ಮುಂಬಯಿಗೆ ಸೋತಿತ್ತು. ಆದರೆ ತಂಡದ ವಿಮೋಚನೆ ಬೇರೆ, ಒಬ್ಬ ಮನುಷ್ಯನ ವಿಮೋಚನೆ ಬೇರೆ. ತಂಡದಲ್ಲಿ ಆಟಗಾರರು ಬದಲಾಗುತ್ತಾರೆ, ಸೋತವರು ಒಬ್ಬರು, ಗೆದ್ದವರು ಇನ್ನೊಬ್ಬರು. ಒಬ್ಬನೇ ಮನುಷ್ಯನು ಸೋಲನ್ನೂ ಗೆಲುವನ್ನೂ ತನ್ನೊಂದೇ ಆಯುಷ್ಯದಲ್ಲಿ ಹೊತ್ತು ನಡೆಯುವ ಕಥೆಯತ್ತ ನನ್ನ ಮನಸ್ಸು ಹೆಚ್ಚು ವಾಲುತ್ತದೆ.

ಅಂತಹ ಕಥೆಗಳಲ್ಲಿ ರಾಹುಲ್ ದ್ರಾವಿಡರದು ಎಲ್ಲರೂ ಬಲ್ಲ ಕಥೆ. 2007ರ ಮಾರ್ಚಿನಲ್ಲಿ ಅವರ ನಾಯಕತ್ವದಲ್ಲಿ ವಿಶ್ವಕಪ್ಪಿಗಾಗಿ ವೆಸ್ಟ್ ಇಂಡೀಸಿಗೆ ಹೋದ ಭಾರತ ತಂಡವು ಪೋರ್ಟ್ ಆಫ್ ಸ್ಪೇನಿನಲ್ಲಿ ಮೊದಲು ಬಾಂಗ್ಲಾದೇಶಕ್ಕೆ, ಆರು ದಿನಗಳ ತರುವಾಯ ಶ್ರೀಲಂಕೆಗೆ ಸೋತು, ಮೊದಲನೆಯ ಸುತ್ತಿನಲ್ಲಿಯೇ ಹೊರಬಿದ್ದಿತು. ಲಂಕೆಯ ವಿರುದ್ಧದ ಆ ಪಂದ್ಯದಲ್ಲಿ ದ್ರಾವಿಡರು 60 ರನ್ ಗಳಿಸಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೇಶದಲ್ಲಿ ಆಟಗಾರರ ಪ್ರತಿಕೃತಿಗಳು ಸುಡಲ್ಪಟ್ಟವು. ಅದೇ ವರ್ಷ ಇಂಗ್ಲೆಂಡಿನಲ್ಲಿ, 1986ರ ಬಳಿಕ ಮೊದಲ ಬಾರಿಗೆ, ಟೆಸ್ಟ್ ಸರಣಿಯನ್ನು ಗೆದ್ದುಕೊಟ್ಟು ಅವರು ನಾಯಕತ್ವವನ್ನು ತಾವಾಗಿಯೇ ತ್ಯಜಿಸಿದರು. 2012ರಲ್ಲಿ ನಿವೃತ್ತರಾಗುವವರೆಗೆ ಅವರ ಕೈಗೆ ವಿಶ್ವಕಪ್ಪು ಬರಲಿಲ್ಲ. ತರಬೇತುದಾರರಾಗಿ ಬಂದ ಮೇಲೆಯೂ, 2023ರ ನವೆಂಬರ್ 19ರಂದು, ಹತ್ತು ಪಂದ್ಯಗಳನ್ನು ಸತತವಾಗಿ ಗೆದ್ದ ತಂಡವು ಅಹಮದಾಬಾದಿನಲ್ಲಿ ಹನ್ನೊಂದನೆಯದನ್ನು ಕಳೆದುಕೊಂಡಿತು. ಅಲ್ಲಿಗೆ ಅವರು ಹೊರಟುಬಿಡುವವರಿದ್ದರು; ಆ ನವೆಂಬರಿನಲ್ಲಿ ರೋಹಿತ್ ಶರ್ಮ ಅವರು ಫೋನ್ ಮಾಡಿ ಉಳಿಯಬೇಕೆಂದು ಕೇಳಿಕೊಂಡುದನ್ನು ದ್ರಾವಿಡರೇ ಅನಂತರ ಕೃತಜ್ಞತೆಯಿಂದ ನೆನೆದರು. ಉಳಿದುದರ ಫಲವಾಗಿ 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸಿನ ಬ್ರಿಜ್‌ಟೌನಿನಲ್ಲಿ, ದಕ್ಷಿಣ ಆಫ್ರಿಕಕ್ಕೆ 30 ಎಸೆತಗಳಿಂದ 30 ರನ್ನುಗಳಷ್ಟೇ ಬೇಕಾಗಿದ್ದ ಸ್ಥಿತಿಯಿಂದ ಪಂದ್ಯವು ತಿರುಗಿ, ಭಾರತವು 7 ರನ್ನುಗಳಿಂದ ಟಿ-20 ವಿಶ್ವಕಪ್ಪನ್ನು ಗೆದ್ದಿತು. ವಿರಾಟ್ ಕೊಹ್ಲಿಯವರು ಕಪ್ಪನ್ನು ತಂದು ಕೈಗಿತ್ತಾಗ, ಮೂವತ್ತು ವರ್ಷ ಮೌನ ಸಂಯಮಗಳಿಗೆ ಹೆಸರಾಗಿದ್ದ ಆ ಮನುಷ್ಯರು ಅದನ್ನೆತ್ತಿ ಹಿಡಿದು ಗರ್ಜಿಸಿದ ದೃಶ್ಯವನ್ನು ನೋಡಿ ಕಣ್ಣು ತೇವವಾಗದ ಕನ್ನಡಿಗನನ್ನು ನಾನು ಕಂಡಿಲ್ಲ.

ಆದರೆ ನನ್ನನ್ನು ಆ ಗರ್ಜನೆಗಿಂತ ಹೆಚ್ಚಾಗಿ ಚಿಂತನೆಗೆ ಹಚ್ಚಿದುದು ಪಂದ್ಯವಾದ ಬಳಿಕ ಅವರು ಪತ್ರಕರ್ತರಿಗೆ ಕೊಟ್ಟ ಉತ್ತರ. 2007ರಲ್ಲಿ ಇದೇ ದ್ವೀಪಗಳಲ್ಲಿ ಆದ ನೋವಿಗೆ ಇದು ಪರಿಹಾರವೇ ಎಂದು ಕೇಳಿದಾಗ, ತಾವು ಹಾಗೆ ಯೋಚಿಸುವವರೇ ಅಲ್ಲವೆಂದೂ, ಕಪ್ಪನ್ನು ಗೆಲ್ಲಲಾಗದೆ ಹೋದ ಆಟಗಾರರು ತಮ್ಮಂತೆ ಇನ್ನೂ ಅನೇಕರಿದ್ದಾರೆಂದೂ ಅವರು ಶಾಂತವಾಗಿ ಹೇಳಿದರು. ವಿನಯದ ಮಾತೆಂದು ಇದನ್ನು ಬದಿಗಿರಿಸುವುದು ಸುಲಭ. ನನಗಾದರೋ ಅದು ಸತ್ಯದ ಮಾತಾಗಿ ತೋರಿತು. ಹದಿನೇಳು ವರ್ಷಗಳ ಕಾಲ ಆ ಸೋಲನ್ನು ಮಡಿಲಲ್ಲಿ ಕಟ್ಟಿಕೊಂಡು ತಿರುಗಿದವರು ಪ್ರೇಕ್ಷಕರಾದ ನಾವು. ಅವರು ಆ ವರ್ಷಗಳಲ್ಲಿ ಆಡಿದರು, ಕಿರಿಯರನ್ನು ತಿದ್ದಿದರು, 2018ರಲ್ಲಿ 19 ವರ್ಷದೊಳಗಿನವರ ತಂಡವನ್ನು ವಿಶ್ವವಿಜಯಕ್ಕೆ ಒಯ್ದರು. ಅಂದಂದಿನ ಕೆಲಸವನ್ನು ಅಂದಂದಿಗೆ ಮಾಡಿದರು. ಟ್ರಿನಿಡಾಡಿನಿಂದ ಬಾರ್ಬಡೋಸಿಗೆ ಗೆರೆ ಎಳೆದು ಅದನ್ನೊಂದು ನಾಟಕವನ್ನಾಗಿ ಮಾಡಿದುದು ನಮ್ಮ ಹೃದಯದ ಅಗತ್ಯ. ಅಗತ್ಯವೆಂದು ನಾನು ಉದ್ದೇಶಪೂರ್ವಕವಾಗಿಯೇ ಹೇಳುತ್ತಿದ್ದೇನೆ. ತನ್ನ ಬದುಕಿನಲ್ಲಿ ಒಂದಲ್ಲ ಒಂದು ಪೋರ್ಟ್ ಆಫ್ ಸ್ಪೇನನ್ನು ಕಾಣದ ಮನುಷ್ಯನು ಯಾವ ಹಳ್ಳಿಯಲ್ಲಿದ್ದಾನೆ?

ನಮ್ಮ ತಾಲ್ಲೂಕಿನ ಕಸಬಾದಲ್ಲಿಯೇ ಇರುವ ಕುದುರೆಗಳ ಮಾತನ್ನು ಇಲ್ಲಿ ಹೇಳಬೇಕೆನ್ನಿಸುತ್ತದೆ. ಟಿಪ್ಪು ಸುಲ್ತಾನನ ಸೈನ್ಯದ ಕುದುರೆಗಳಿಗಾಗಿ ಆರಂಭವಾಯಿತೆಂದು ಹೆಸರಾದ ಕುಣಿಗಲ್ಲಿನ ಸ್ಟಡ್ ಫಾರಮ್ಮು ಈಚಿನ ಕಾಲದಲ್ಲಿ ಪಂದ್ಯದ ಕುದುರೆಗಳಿಗೆ ಪ್ರಸಿದ್ಧವಾಯಿತು. ಬೇಲಿಯ ಆಚೆ ತಾಯಿಯ ಪಕ್ಕದಲ್ಲಿ ಓಡುವ ಮರಿಗಳನ್ನು ನೋಡಿದಾಗಲೆಲ್ಲ ನನಗೊಂದು ಪ್ರಶ್ನೆ ಹುಟ್ಟುತ್ತಿತ್ತು: ಹಿಂದಿನ ಪಂದ್ಯದಲ್ಲಿ ಕಡೆಯದಾಗಿ ಬಂದ ಕುದುರೆಯು ಮುಂದಿನ ಪಂದ್ಯದಲ್ಲಿ ಮೊದಲನೆಯದಾಗಿ ಬಂದರೆ ಅದಕ್ಕೆ ಏನನ್ನಿಸಬಹುದು? ವೇಗದ ಆನಂದವು ಅದಕ್ಕೆ ಖಂಡಿತವಾಗಿಯೂ ಉಂಟು. ಕಿವಿಗಳ ನಿಲುವಿನಲ್ಲಿಯೇ ಅದು ಕಾಣುತ್ತದೆ. ಆದರೆ ಹಳೆಯ ಪಂದ್ಯವನ್ನು ಹೊಸ ಪಂದ್ಯಕ್ಕೆ ಹೊಲಿಯುವ ದಾರವು ಅದರಲ್ಲಿಲ್ಲ. ನಿನ್ನೆಯ ಅವಮಾನವನ್ನು ನಾಳೆಯವರೆಗೆ ಹೊತ್ತೊಯ್ಯುವ ಶಕ್ತಿಯು ಮನುಷ್ಯನ ಶಾಪ. ಅದೇ ಶಕ್ತಿಯಿಂದಲೇ ಅವನಿಗೆ ಮರಳಿ ಬರುವುದರ ಅರ್ಥವೂ ದೊರೆತಿದೆ.

ಇನ್ನು ನಾನು ಬಹುಕಾಲದಿಂದ ಬರೆಯಬೇಕೆಂದಿದ್ದ ಆಟಗಾರನ ವಿಷಯಕ್ಕೆ ಬರುತ್ತೇನೆ. ಮಲಯಾಳಿ ಕುಟುಂಬದಲ್ಲಿ ಜೋಧಪುರದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕದ ದಾಂಡಿಗನೆಂದೇ ದೇಶಕ್ಕೆ ಪರಿಚಿತನಾದ ಕರುಣ್ ನಾಯರ್, 2014–15ರ ರಣಜಿ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಗಳಿಸಿದಾಗಲೇ ನಮ್ಮಂತಹವರ ಕಣ್ಮಣಿಯಾಗಿದ್ದನು. 2016ರ ಜುಲೈನಲ್ಲಿ ಕೇರಳದ ಪಂಪಾನದಿಯಲ್ಲಿ ಅವನಿದ್ದ ದೋಣಿ ಮಗುಚಿ, ಸಾವು ಅವನ ಪಕ್ಕದಲ್ಲಿಯೇ ಹಾದುಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಚಂಡಮಾರುತವು ಬೀಸಿ ಹೋದ ಚೆನ್ನೈನಲ್ಲಿ, ತನ್ನ ಮೂರನೆಯ ಟೆಸ್ಟನ್ನು ಆಡುತ್ತಿದ್ದ ಅವನು ಇಂಗ್ಲೆಂಡಿನ ವಿರುದ್ಧ ಔಟಾಗದೆ 303 ರನ್ ಹೊಡೆದನು. ಆ ಇನ್ನಿಂಗ್ಸಿನಲ್ಲಿಯೇ ಇನ್ನೊಬ್ಬ ಕನ್ನಡಿಗ ಕೆ. ಎಲ್. ರಾಹುಲ್ 199ಕ್ಕೆ ಔಟಾಗಿ ಒಂದೇ ರನ್ನಿನಿಂದ ದ್ವಿಶತಕವನ್ನು ಕಳೆದುಕೊಂಡಿದ್ದನು. ಭಾರತವು 7 ವಿಕೆಟ್ಟಿಗೆ 759 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. ಭಾರತೀಯರಲ್ಲಿ ಸೆಹವಾಗರನ್ನು ಬಿಟ್ಟರೆ ಅದುವರೆಗೆ ಟೆಸ್ಟಿನಲ್ಲಿ ತ್ರಿಶತಕವನ್ನು ಮುಟ್ಟಿದವರು ಇನ್ನಾರೂ ಇರಲಿಲ್ಲ. ಅವನಿಗೆ ಮುಂಚೆ ತಮ್ಮ ಮೊದಲನೆಯ ಶತಕವನ್ನೇ ತ್ರಿಶತಕವನ್ನಾಗಿ ಬೆಳೆಸಿದವರು ಜಗತ್ತಿನಲ್ಲಿಯೇ ಸೋಬರ್ಸ್ ಮತ್ತು ಸಿಂಪ್ಸನ್ ಇಬ್ಬರೇ.

ಮುಂದಿನ ಟೆಸ್ಟಿನಲ್ಲಿ ಅವನಿಗೆ ಸ್ಥಾನವಿರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆಯವರು ತಮ್ಮ ಸ್ಥಾನಕ್ಕೆ ಮರಳಿದರು. ಹಲವು ವರ್ಷಗಳ ಸೇವೆಯನ್ನು ಒಂದು ಪಂದ್ಯವು ಅಳಿಸಲಾರದೆಂಬ ಆ ತೀರ್ಮಾನವನ್ನು ಅನ್ಯಾಯವೆಂದು ನಾನು ಹೇಳಲಾರೆ. ಆಸ್ಟ್ರೇಲಿಯದ ವಿರುದ್ಧ ಮೂರು ಟೆಸ್ಟುಗಳು ದೊರೆತವು. ಅವುಗಳಲ್ಲಿ ಅವನ ಅತ್ಯಧಿಕ ಗಳಿಕೆ 26. 2017ರ ಮಾರ್ಚಿನ ಧರ್ಮಶಾಲಾ ಟೆಸ್ಟಿನೊಡನೆ ಆ ಬಾಗಿಲು ಮುಚ್ಚಿತು. ಆರು ಟೆಸ್ಟು, 374 ರನ್ನು, ಅದರಲ್ಲಿ ಒಂದೇ ಇನ್ನಿಂಗ್ಸಿನಿಂದ 303! 2018ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವನಿದ್ದನು, ಸರಣಿಯುದ್ದಕ್ಕೂ ಕಾದನು, ಓವಲ್ಲಿನ ಕಡೆಯ ಟೆಸ್ಟಿಗೆ ಹೊಸ ಬ್ಯಾಟ್ಸ್‌ಮನ್ ಬೇಕಾದಾಗ, ನಡುವೆ ಬಂದು ಸೇರಿದ ಹನುಮ ವಿಹಾರಿಗೆ ಆ ಅವಕಾಶವು ಸಂದಿತು. ಕಡೆಗೆ 2022ರ ಹೊತ್ತಿಗೆ ಕರ್ನಾಟಕ ತಂಡದಲ್ಲಿಯೂ ಅವನಿಗೆ ಎಡೆಯಿಲ್ಲವಾಯಿತು. ಆ ಡಿಸೆಂಬರಿನಲ್ಲಿ ಅವನು ಎಲ್ಲರಿಗೂ ಕಾಣುವಂತೆ ಬರೆದುದು ಒಂದೇ ಒಂದು ಪುಟ್ಟ ಪ್ರಾರ್ಥನೆ. ಅದನ್ನು ಆಯ್ಕೆಗಾರರಿಗಾಗಲಿ ಜನರಿಗಾಗಲಿ ಸಲ್ಲಿಸಿರಲಿಲ್ಲ. ಕ್ರಿಕೆಟ್ಟನ್ನೇ ಉದ್ದೇಶಿಸಿ, ತನಗೆ ಇನ್ನೊಂದು ಅವಕಾಶ ಕೊಡೆಂದು ಬೇಡಿದ್ದನು.

ತ್ರಿಶತಕವನ್ನು ಹೊಡೆದವನು ಬೇಡುವ ಸ್ಥಿತಿಗೆ ಬಂದುದನ್ನು ಓದಿದಾಗ ನನಗಾದ ಸಂಕಟವನ್ನು ವರ್ಣಿಸಲಾರೆ. ಅದರಲ್ಲಿ ದೂರಿಲ್ಲ, ಯಾರ ಮೇಲೂ ಆಪಾದನೆಯಿಲ್ಲ. ತನ್ನ ಇಷ್ಟದೈವದ ಬಾಗಿಲಲ್ಲಿ ನಿಂತ ಭಕ್ತನೂ ಇದಕ್ಕಿಂತ ಕಡಮೆ ಮಾತಿನಲ್ಲಿ ಕೇಳಿಕೊಳ್ಳಲಾರನು. ಅಂದು ಆ ಪ್ರಾರ್ಥನೆಯನ್ನು ಕಂಡು ಕನಿಕರಪಟ್ಟವರು ಬಹಳ ಮಂದಿ. ಫಲಿಸುವುದೆಂದು ನಂಬಿದವರು ಎಷ್ಟು ಮಂದಿಯೋ ಹೇಳುವುದು ಕಷ್ಟ. ಮೂವತ್ತೊಂದು ತುಂಬಿದ, ತನ್ನ ರಾಜ್ಯದ ತಂಡದಲ್ಲಿಯೇ ಸ್ಥಾನವಿಲ್ಲದ ದಾಂಡಿಗನು ಮತ್ತೆ ದೇಶಕ್ಕಾಗಿ ಆಡಿಯಾನೆಂಬುದು ಲೋಕರೂಢಿಗೆ ಹೊಂದುವ ಮಾತಾಗಿರಲಿಲ್ಲ.

ಅವನು ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ಷೈರ್ ಕೌಂಟಿಗೆ ಆಡಿದನು. ವಿದರ್ಭಕ್ಕೆ ಸೇರಿದನು. ಬೆಳೆದ ನೆಲವನ್ನು ಬಿಟ್ಟು ನಾಗಪುರದ ಬಿಸಿಲಿಗೆ ಹೋಗಿ, ಯಾರ ಹೆಸರಿಗೂ ಜಯಕಾರವಿಲ್ಲದ ಬರಿಯ ಗ್ಯಾಲರಿಗಳ ಮುಂದೆ ಚೆಂಡನ್ನು ಒಂದೊಂದಾಗಿ ಎದುರಿಸುವ ಆ ದಿನಗಳನ್ನು ನಾನು ಊಹಿಸಿಕೊಳ್ಳುತ್ತೇನೆ. ಕಥೆ ಹೇಳುವವರು ಸಾಧಾರಣವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುವ ಭಾಗವಿದು. ಹರಿಶ್ಚಂದ್ರನ ಕಥೆಯಲ್ಲಿ ಸ್ಮಶಾನದ ಅಂಕವು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯವಾದುದು. ನಮ್ಮ ಹಳ್ಳಿಯ ನಾಟಕಗಳ ಕವಿಗಳು ಅದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಪಟ್ಟಾಭಿಷೇಕಕ್ಕೆ ಐದು ನಿಮಿಷ, ಸ್ಮಶಾನಕ್ಕೆ ಎರಡು ಗಂಟೆ.

2024–25ರ ವಿಜಯ ಹಜಾರೆ ಪಂದ್ಯಾವಳಿಯಲ್ಲಿ ಆ ತಪಸ್ಸು ಕಣ್ಣಿಗೆ ಕಾಣುವ ರೂಪವನ್ನು ತಳೆಯಿತು. 112, 44, 163, 111, 112, 122, 88 — ಈ ಏಳು ಗಳಿಕೆಗಳಲ್ಲಿ ಅವನು ಔಟಾದುದು ಒಂದೇ ಸಲ. ಔಟಾಗುವ ಮುನ್ನ ಸತತವಾಗಿ 542 ರನ್ನುಗಳನ್ನು ಗಳಿಸಿ ಆ ಬಗೆಯ ಏಕದಿನ ಪಂದ್ಯಗಳಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ವಿದರ್ಭದ ನಾಯಕನಾಗಿ ತಂಡವನ್ನು ಅಂತಿಮ ಪಂದ್ಯಕ್ಕೆ ತಂದನು. ಆಮೇಲೆ ನಡೆದುದನ್ನು ಯಾವ ನಾಟಕಕಾರನಾದರೂ ಬರೆದಿದ್ದರೆ ಅತಿಯಾಯಿತೆಂದು ತಿದ್ದಿಬಿಡುತ್ತಿದ್ದೆವು: 2025ರ ಜನವರಿ 18ರಂದು ವಡೋದರದಲ್ಲಿ ಅವನಿಗೆ ಎದುರಾದುದು ಕರ್ನಾಟಕ! ತನ್ನನ್ನು ಕೈಬಿಟ್ಟ ತವರಿನ ಎದುರಿಗೆ ನಾಯಕನಾಗಿ ನಿಂತವನು, ಕಥೆಯ ನ್ಯಾಯದಂತೆ, ಅಂದು ಶತಕವನ್ನು ಹೊಡೆದು ಕಪ್ಪನ್ನು ಒಯ್ಯಬೇಕಾಗಿತ್ತು. ಪ್ರಸಿದ್ಧ ಕೃಷ್ಣನು ಅವನನ್ನು 27ಕ್ಕೆ ಬೌಲ್ಡ್ ಮಾಡಿದನು. ಕರ್ನಾಟಕವು 36 ರನ್ನುಗಳಿಂದ ಗೆದ್ದಿತು. ನನ್ನ ಮನಸ್ಸಿನ ಒಂದು ಭಾಗವು ಹರ್ಷಿಸಿ ಇನ್ನೊಂದು ಭಾಗವು ಮುದುಡಿಕೊಂಡ ಅಂತಹ ಸಂಜೆಯು ನನ್ನ ಕ್ರಿಕೆಟ್ ಜೀವನದಲ್ಲಿ ಬೇರೊಂದಿಲ್ಲ. ಮಾರನೆಯ ತಿಂಗಳು ನಾಗಪುರದಲ್ಲಿ ರಣಜಿಯ ಅಂತಿಮ ಪಂದ್ಯ. ಎದುರಾಳಿ ಅವನ ಪಿತೃಗಳ ನಾಡಾದ ಕೇರಳ. ಅಲ್ಲಿ ಅವನು 86 ಮತ್ತು 135 ರನ್ ಗಳಿಸಿದನು. ವಿದರ್ಭವು ಟ್ರೋಫಿಯನ್ನು ಪಡೆಯಿತು. ಶತಕವನ್ನು ಮುಟ್ಟಿದಾಗ, ಆ ಋತುವಿನಲ್ಲಿ ಅದು ತನ್ನ ಒಂಬತ್ತನೆಯದೆಂದು ಒಂಬತ್ತು ಬೆರಳುಗಳನ್ನೆತ್ತಿ ತೋರಿಸಿದನು.

ಮೇ ತಿಂಗಳಲ್ಲಿ ಇಂಗ್ಲೆಂಡಿಗೆ ಹೋಗುವ ಟೆಸ್ಟ್ ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂದಿತು. ಕ್ಯಾಂಟರ್ಬರಿಯಲ್ಲಿ ಭಾರತ ‘ಎ’ ತಂಡಕ್ಕೆ 204 ಹೊಡೆದನು. ಜೂನ್ 20ರಂದು ಲೀಡ್ಸ್‌ನಲ್ಲಿ ಆರಂಭವಾದ ಟೆಸ್ಟಿನಲ್ಲಿ, ಎಂಟು ವರ್ಷಗಳ ತರುವಾಯ ಭಾರತದ ಟೋಪಿಯನ್ನು ಧರಿಸಿ ಕ್ರೀಸಿಗೆ ನಡೆದು ಬಂದನು.

ಸೊನ್ನೆ!

ಶಾರ್ಟ್ ಕವರ್ ಕಡೆಗೆ ಹಾರಿ ಹಿಡಿದ ಆ ಕ್ಯಾಚನ್ನು ಟೆಲಿವಿಷನ್ನಿನಲ್ಲಿ ನೋಡುತ್ತಿದ್ದ ನಾನು ಎದ್ದು ಹೊರಗೆ ಹೋದೆನು. ಕಾನ್ಪುರದ ಸೊನ್ನೆಯ ಬೆನ್ನಿಗೆ 137 ಬಂದಂತೆ ಇಲ್ಲಿಯೂ ಎರಡನೆಯ ಇನ್ನಿಂಗ್ಸಿನಲ್ಲಿ ಏನಾದರೂ ಆದೀತೆಂದು ಆಸೆಪಟ್ಟೆ. 20 ಬಂದಿತು. ಮುಂದೆ 31, 26, 40, 14. ಪ್ರತಿ ಸಲವೂ ಸೊಗಸಾದ ಆರಂಭ, ಪ್ರತಿ ಸಲವೂ ಅಕಾಲದ ಮುಕ್ತಾಯ. ಮ್ಯಾಂಚೆಸ್ಟರಿನ ಟೆಸ್ಟಿನಿಂದ ಅವನನ್ನು ಕೈಬಿಟ್ಟರು.

ಓವಲ್ಲಿನಲ್ಲಿ, ಏಳು ವರ್ಷಗಳ ಹಿಂದೆ ಯಾವ ಮೈದಾನದಲ್ಲಿ ಅವನು ಆಡದೆ ಕುಳಿತಿದ್ದನೋ ಅಲ್ಲಿಯೇ, ಮತ್ತೆ ಅವಕಾಶ ದೊರೆಯಿತು. ಹಸುರು ಪಿಚ್ಚು, ಮೋಡ ಕವಿದ ಆಕಾಶ. ಭಾರತದ ಮೊದಲನೆಯ ಇನ್ನಿಂಗ್ಸಿನ 224ರಲ್ಲಿ ಅವನದು 57. ತಂಡದಲ್ಲಿ ಅದೇ ಅತ್ಯಧಿಕ. ಆ ಮೊದಲನೆಯ ದಿನದ ಒಂದು ಘಟನೆಯನ್ನು ಹೇಳದೆ ಇರಲಾರೆ. ಅವನು ಹೊಡೆದ ಚೆಂಡನ್ನು ಬೌಂಡರಿಯಲ್ಲಿ ತಡೆಯಲು ಧುಮುಕಿದ ಕ್ರಿಸ್ ವೋಕ್ಸರ ಭುಜವು ಕೀಲು ತಪ್ಪಿತು. ಕರುಣನೂ ವಾಷಿಂಗ್ಟನ್ ಸುಂದರನೂ ಮೂರು ರನ್ ಓಡಿದ್ದರು, ನಾಲ್ಕನೆಯದಕ್ಕೆ ಸಮಯವಿತ್ತು. ನೋವಿನಿಂದ ನೆಲದ ಮೇಲೆ ಬಿದ್ದ ಎದುರಾಳಿಯನ್ನು ಕಂಡು ಅವರು ಆ ರನ್ನಿಗೆ ಓಡಲಿಲ್ಲ. ಒಂದೊಂದು ರನ್ನಿನ ಮೇಲೆಯೂ ತನ್ನ ಮುಂದಿನ ಬದುಕು ನಿಂತಿದ್ದ ಮನುಷ್ಯನು, ಎಂಟು ವರ್ಷ ಕಾದು ಪಡೆದ ಅವಕಾಶದ ನಡುವೆ, ದೊರೆಯಬಹುದಾಗಿದ್ದ ರನ್ನೊಂದನ್ನು ಬಿಟ್ಟುಕೊಟ್ಟನು. ಆ ಪಂದ್ಯವನ್ನು ಭಾರತವು ಕಡೆಗೆ ಗೆದ್ದುದು 6 ರನ್ನುಗಳಿಂದ. ಅವನ 57 ಇಲ್ಲದಿದ್ದರೆ ಆ ಗೆಲುವಿಲ್ಲ, ಆ ಸರಣಿಯ ಸಮಬಲವಿಲ್ಲ. ಚೆನ್ನೈನ 303ರ ತರುವಾಯ ಟೆಸ್ಟಿನಲ್ಲಿ ಅವನು ಐವತ್ತನ್ನು ದಾಟಿದುದು ಅದೇ ಮೊದಲು.

ಸೆಪ್ಟೆಂಬರಿನಲ್ಲಿ ವೆಸ್ಟ್ ಇಂಡೀಸಿನ ವಿರುದ್ಧದ ಸರಣಿಗೆ ತಂಡವನ್ನು ಆರಿಸಿದಾಗ ಅವನ ಹೆಸರಿರಲಿಲ್ಲ. ಇಂಗ್ಲೆಂಡಿನಲ್ಲಿ ಅವನಿಂದ ಹೆಚ್ಚನ್ನು ನಿರೀಕ್ಷಿಸಿದ್ದೆವೆಂದು ಆಯ್ಕೆಗಾರರ ಮುಖ್ಯಸ್ಥರು ಹೇಳಿದರು. ಎಂಟು ಇನ್ನಿಂಗ್ಸುಗಳಲ್ಲಿ 205 ರನ್ನುಗಳೆಂಬುದು ವಾಸ್ತವವೇ. ಶ್ಯಾನುಭೋಗರ ಕಿರ್ದಿಯಂತೆ ಸ್ಕೋರು ಪುಸ್ತಕವೂ ಒಮ್ಮೆ ಬರೆದುದನ್ನು ಅಳಿಸುವುದಿಲ್ಲ. ಹೊಸದನ್ನು ಅದರ ಕೆಳಗೆ ಬರೆಯಬಹುದು, ಅಷ್ಟೇ.

ಇಂತಹ ಕಥೆಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ಪಾವ್ಲೋ ರೊಸ್ಸಿಯನ್ನು ನೆನೆಯುತ್ತೇವೆ. ಇಟಲಿಯ ಆ ಫುಟ್‌ಬಾಲ್ ಆಟಗಾರನು 1980ರ ಬಾಜಿಯ ಹಗರಣದಲ್ಲಿ ಸಿಲುಕಿ, ತಾನು ನಿರಪರಾಧಿಯೆಂದು ಹೇಳಿಕೊಳ್ಳುತ್ತಲೇ ಎರಡು ವರ್ಷಗಳ ನಿಷೇಧವನ್ನು ಅನುಭವಿಸಿ, 1982ರ ವಿಶ್ವಕಪ್ಪಿಗೆ ಕೆಲವೇ ವಾರಗಳ ಮುಂಚೆ ಮೈದಾನಕ್ಕೆ ಮರಳಿ, ಬ್ರೆಜಿಲ್ಲಿನ ವಿರುದ್ಧ ಮೂರು ಗೋಲುಗಳನ್ನು ಹೊಡೆದು, ಒಟ್ಟು ಆರು ಗೋಲುಗಳೊಡನೆ ತನ್ನ ದೇಶಕ್ಕೆ ಕಪ್ಪನ್ನು ತಂದನು. ಅದು ಹರಿಶ್ಚಂದ್ರನ ಕಥೆಯಷ್ಟೇ ಪೂರ್ಣವಾದುದು. ಬಾರ್ಬೋಸನನ್ನು ನೆನೆಯುವವರು ಕಡಮೆ. 1950ರ ಜುಲೈ 16ರಂದು ಮಾರಕಾನ ಮೈದಾನದಲ್ಲಿ ಉರುಗ್ವೆಯ ಗಿಜ್ಜಿಯ ಹೊಡೆದ ಚೆಂಡು ತನ್ನ ಪಕ್ಕದಿಂದ ಒಳಹೊಕ್ಕಿತೆಂಬ ಒಂದೇ ಕಾರಣಕ್ಕೆ, ಬ್ರೆಜಿಲ್ಲಿನ ಆ ಸಮರ್ಥ ಗೋಲುರಕ್ಷಕನು 2000ದಲ್ಲಿ ಸಾಯುವವರೆಗೂ ದೇಶದ ಕ್ಷಮೆಯನ್ನು ಕಾಣಲಿಲ್ಲ. ತಮ್ಮ ದೇಶದಲ್ಲಿ ಅಪರಾಧಕ್ಕೆ ಅತ್ಯಧಿಕ ಶಿಕ್ಷೆ ಮೂವತ್ತು ವರ್ಷ, ತಾನು ಐವತ್ತು ವರ್ಷ ಅನುಭವಿಸಿದೆನೆಂದು ಅವನು ಹೇಳಿಕೊಂಡನು. ಚಂದ್ರಮತಿಯ ಮೇಲೆ ಎತ್ತಿದ ಖಡ್ಗವನ್ನು ತಡೆಯಲು ಯಾರೂ ಬರದೆ ಹೋದ ಕಥೆ ಅದು. ರೊಸ್ಸಿಯ ಕಥೆಗೆ ಇರುವ ತೇಜಸ್ಸು ಬಾರ್ಬೋಸನಂತಹವರ ಕಥೆಗಳಿಂದ ಬಂದುದು. ಯಾರೂ ಏಳದೆ ಹೋಗಬಹುದಾದ ಲೋಕದಲ್ಲಿ ಮಾತ್ರ ಎದ್ದವನು ನಮ್ಮನ್ನು ಕಂಪಿಸುವಂತೆ ಮಾಡಬಲ್ಲನು.

ಕರುಣನು ಈ ಇಬ್ಬರ ನಡುವೆ ಎಲ್ಲಿಯೋ ನಿಂತಿದ್ದಾನೆ. ನಮ್ಮೂರಿನ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಈ ವಿಚಾರವು ಬಂದಾಗಲೆಲ್ಲ, ‘ಏನ್ ಪ್ರಯೋಜನ ಬಂತು ಮೇಷ್ಟ್ರೇ, ಮತ್ತೆ ಆಚೆಗೆ ಹಾಕುದ್ರಲ್ಲ’ ಎಂದು ಗೆಳೆಯರು ಮರುಕದಿಂದ ಕೇಳುತ್ತಾರೆ. ಅವರು ಕೇಳುವುದರಲ್ಲಿ ನ್ಯಾಯವಿದೆ. ಅವರೂ ಪಟ್ಟಾಭಿಷೇಕವನ್ನು ನೋಡಲು ರಾತ್ರಿಯೆಲ್ಲ ಕುಳಿತವರು. ನಾನು ಅವರಿಗೆ ಹೇಳುವುದಿಷ್ಟು. ಅವನು ಬೇಡಿದುದು ಇನ್ನೊಂದು ತ್ರಿಶತಕವನ್ನಲ್ಲ, ಇನ್ನೊಂದು ಅವಕಾಶವನ್ನು, ಅದು ದೊರೆಯಿತು. ದೊರೆತುದನ್ನು ಅವನು ಗಳಿಸಿಕೊಂಡೇ ಪಡೆದನು, ಪಡೆದ ಅವಕಾಶದಲ್ಲಿ ತನ್ನ ದೇಶವು 6 ರನ್ನುಗಳಿಂದ ಗೆದ್ದ ಪಂದ್ಯಕ್ಕೆ 57 ರನ್ನುಗಳನ್ನಿತ್ತನು. ಇದನ್ನು ಅರ್ಧ ವಿಮೋಚನೆಯೆಂದು ಕರೆಯುವವರೊಡನೆ ನಾನು ಎಷ್ಟು ಹೊತ್ತು ಬೇಕಾದರೂ ವಾದಕ್ಕೆ ಸಿದ್ಧನಿದ್ದೇನೆ.

ಈ ವಾದದಲ್ಲಿ ನಾನು ಕಡೆಗೆ ಮುಂದಿಡುವ ಸಂಗತಿ ಇನ್ನೊಂದುಂಟು. 2025–26ರ ಋತುವಿಗೆ ಅವನು ವಿದರ್ಭವನ್ನು ಬಿಟ್ಟು ಕರ್ನಾಟಕಕ್ಕೇ ಮರಳಿದನು. ಭಾರತ ತಂಡದಿಂದ ಹೊರಬಿದ್ದ ಮರುತಿಂಗಳು, ಅಕ್ಟೋಬರಿನಲ್ಲಿ, ಶಿವಮೊಗ್ಗೆಯಲ್ಲಿ ಗೋವೆಯ ವಿರುದ್ಧ ಔಟಾಗದೆ 174 ರನ್ ಹೊಡೆದನು. ಅದರ ಬೆನ್ನಿಗೆ ಕೇರಳದ ವಿರುದ್ಧ 233. ಗೆಳೆಯರು ಆ ಗಳಿಕೆಗಳನ್ನು ಪತ್ರಿಕೆಯ ಕ್ರೀಡಾಪುಟದಲ್ಲಿ ಇನ್ನೊಮ್ಮೆ ಓದಿ ನೋಡಿ, ಮುಂದಿನ ಮ್ಯಾಚು ಯಾವ ಊರಿನಲ್ಲಿದೆಯೆಂದು ವಿಚಾರಿಸತೊಡಗುತ್ತಾರೆ.